ಗಾಳಿ ಇರಬೇಕು

ಏಳನೇ ನೋಟ್‌ಬುಕ್ಕು ಇಟ್ಟ ಜಾಗದಲ್ಲಿ ಇರಲಿಲ್ಲ. ಮೇಷ್ಟ್ರು ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ಕಪಾಟಿನ ಅಂಚನ್ನೂ ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ಪಾಯಿಜಾಮದ ಲಾಡಿಯನ್ನೂ ಹಿಡಿದುಕೊಂಡು, ದಪ್ಪ ನಿಘಂಟಿನ ಹಿಂದಿನ ಖಾಲಿ ಜಾಗವನ್ನು ನೋಡಿದರು. ನಲವತ್ತಮೂರು ವರ್ಷಗಳಲ್ಲಿ ಮೂರು ಮನೆ ಬದಲಾಯಿಸಿದ್ದರು. ಮೂರು ಮನೆಯಲ್ಲೂ ಅದು ಇದೇ ನಿಘಂಟಿನ ಬೆನ್ನಿಗೆ ಒರಗಿಕೊಂಡೇ ಇತ್ತು. ಉಳಿದ ಇಪ್ಪತ್ತೊಂದು ನೋಟ್‌ಬುಕ್ಕುಗಳು ಹಾಲಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತು, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊರಡಲು ತಯಾರಾಗಿದ್ದವು. ಪೆಟ್ಟಿಗೆಯ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಏಳರ ಮುಂದೆ ಅವರೇ ದುಂಡು ಅಕ್ಷರದಲ್ಲಿ ‘ಪ್ರಯಾಣದಲ್ಲಿ ಕಳೆದುಹೋಗಿದೆ’ ಎಂದು ಬರೆದಿದ್ದರು. ಇವತ್ತು ಹನ್ನೊಂದು ಗಂಟೆಗೆ ಒಬ್ಬಳು ಅದನ್ನು ಕೇಳಿಕೊಂಡು ಬರುವವಳಿದ್ದಳು. ಅವಳು ಬರುವ ಮೊದಲು ಅದನ್ನು ಚೀಲಕ್ಕೆ ಹಾಕಿ, ಕೆಳಗಿನ ಮನೆಯವರ ಹತ್ತಿರ ಒಂದು ದಿನದ ಮಟ್ಟಿಗೆ ಇಟ್ಟುಬಿಡುವುದು ಅವರ ಯೋಜನೆ. ಮನೆಯಲ್ಲಿ ಇಲ್ಲದ್ದನ್ನು ಮನೆಯಲ್ಲಿ ಇಲ್ಲ ಎಂದರೆ ಸುಳ್ಳಾಗುವುದಿಲ್ಲ ಎಂದು ರಾತ್ರಿಯೇ ಲೆಕ್ಕ ಹಾಕಿದ್ದರು. ಈಗ ಅದು ನಿಜವಾಗಿಯೂ ಇಲ್ಲವಾಗಿತ್ತು, ಸಮಾಧಾನವಾಗಬೇಕಿದ್ದ ಕಡೆ ಅವರು ಪಕ್ಕದ ಪುಸ್ತಕಗಳ ಹಿಂದೆಯೂ ಇಣುಕಿ ನೋಡಿದರು.

‘ಏನ್ರೀ, ಮತ್ತೆ ಸ್ಟೂಲ್ ಹತ್ತಿದೀರಾ?’ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ‘ಬಿದ್ದು ಸೊಂಟ ಮುರ್ಕೊಂಡ್ರೆ ಸಾಯಂಕಾಲ ವೇದಿಕೆ ಮೇಲೆ ಯಾರನ್ನ ಕೂರಿಸ್ತಾರೆ?’

‘ಒಂದು ಪದದ ಅರ್ಥ ನೋಡ್ಬೇಕಿತ್ತು.’

‘ಅರ್ಥ ಸಿಕ್ತಾ?’

ಅವರು ನಿಘಂಟನ್ನು ಮೊದಲಿನ ಜಾಗಕ್ಕೆ ತಳ್ಳಿದರು. ಇಳಿಯುವಾಗ ಸ್ಟೂಲಿನ ಒಂದು ಕಾಲು ಕುಂಟಿತು. ಕೆಳಗಿನ ಮನೆಯವರು ಎರಡು ಸಲ ಮಂಡಿನೋವಿಗೆ ಏನು ಮಾಡಬೇಕೆಂದು ಕೇಳಲು ಬಂದಿದ್ದರು. ಮಾನವಶಾಸ್ತ್ರ ಎಂದರೆ ಮೂಳೆಗೆ ಸಂಬಂಧಪಟ್ಟದ್ದು ಎಂದು ಈ ಕಟ್ಟಡದಲ್ಲಿ ಎಲ್ಲರ ನಂಬಿಕೆ. ಮೊದಮೊದಲು ತಿದ್ದುತ್ತಿದ್ದರು. ನಾನು ಜನರ ಜೊತೆ ಹೋಗಿ ಇದ್ದು, ಅವರು ಹೇಗೆ ಬದುಕುತ್ತಾರೆ, ಯಾರು ಯಾರಿಗೆ ಏನಾಗಬೇಕು, ಸತ್ತರೆ ಏನು ಮಾಡುತ್ತಾರೆ ಎಂದೆಲ್ಲ ನೋಡಿ ಬರೆಯುವವನು ಎಂದರೆ, ಕೆಳಗಿನ ಮನೆಯವರು ‘ಓ, ಸರ್ವೇನಾ’ ಎಂದರು. ಆಮೇಲೆ ಮಂಡಿಗೆ ಬಿಸಿನೀರಿನ ಶಾಖ ಕೊಡಿ ಎಂದು ಹೇಳುವುದೇ ಸುಲಭವೆನಿಸಿತು. ಕಳೆದ ವಾರ ಆ ಮನುಷ್ಯ ಮೆಟ್ಟಿಲಲ್ಲಿ ಸಿಕ್ಕಿ, ನಿಮ್ಮ ಔಷಧದಿಂದ ಗುಣವಾಯಿತು ಎಂದು ಕೈಮುಗಿದಿದ್ದ, ಮೇಷ್ಟ್ರು ಆ ನಮಸ್ಕಾರವನ್ನೂ ಸ್ವೀಕರಿಸಿದ್ದರು.

ಫೋನು ಬಂತು. ಪೀಠಿಕೆ. ಈಗ ವಿಭಾಗದ ಮುಖ್ಯಸ್ಥನಾಗಿರುವ ಹಳೆಯ ಶಿಷ್ಯ. ಪೀಠಿಕೆ ಹಾಕದೆ ನೀರನ್ನೂ ಕೇಳುವುದಿಲ್ಲವೆಂದು ಓದುವ ದಿನಗಳಲ್ಲಿ ಜೊತೆಯ ಹುಡುಗರು ಇಟ್ಟ ಹೆಸರು. ಇವತ್ತು ಐದು ಗಂಟೆಗೆ ಮೇಷ್ಟ್ರ ಪುಸ್ತಕದ ಐದನೇ ಮುದ್ರಣ ಬಿಡುಗಡೆ, ನೋಟ್‌ಬುಕ್ಕುಗಳ ಹಸ್ತಾಂತರ, ಅವನದೇ ಮುಖ್ಯ ಭಾಷಣ.

‘ಸರ್, ಮೊದಲು ತಮ್ಮ ಆರೋಗ್ಯ ಹೇಗಿದೆ ಹೇಳಿ. ಆಮೇಲೆ ಒಂದು ಸಣ್ಣ ವಿಷಯ. ಸಣ್ಣದು ಅಂದ್ರೆ ಸಣ್ಣದೇ ಸರ್, ಆದ್ರೂ ತಮ್ಮನ್ನ ಕೇಳದೆ...’

‘ಹೇಳಯ್ಯ.’

‘ಭಾಷಣದಲ್ಲಿ ಒಂದು ವಾಕ್ಯ ಇದೆ ಸರ್. “ಬೇರೆಯವರು ಜನರ ಮಾತನ್ನು ಕೇಳಿಸಿಕೊಂಡರು, ನಮ್ಮ ಗುರುಗಳು ಜನರ ಮೌನವನ್ನು ಕೇಳಿಸಿಕೊಂಡರು.” ಸ್ವಲ್ಪ ಜಾಸ್ತಿ ಆಯ್ತಾ ಸರ್?’

‘ಇರಲಿ ಬಿಡು.’

‘ಇರಲಿ ಅಲ್ವಾ? ನನಗೂ ಇರಲಿ ಅನ್ನಿಸ್ತು. ನಾಲ್ಕೂವರೆಗೆ ಕಾರು ಕಳಿಸ್ತೀನಿ. ಹೊರಡೋ ಮುಂಚೆ ಇನ್ನೊಂದ್ಸಲ ಮಾಡ್ತೀನಿ ಸರ್.’

ಇರಲಿ ಬಿಡು ಎನ್ನುವುದು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ. ಅದೇ ಮಾತನ್ನು ನಲವತ್ತಮೂರು ವರ್ಷದ ಕೆಳಗೆ, ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿ, ಟೈಪ್‌ರೈಟರಿನ ಮುಂದೆ ಕೂತ ಹೊಸ ಹೆಂಡತಿಗೆ ಹೇಳಿದ್ದರು. ಆಕೆ ಮದುವೆಗೆ ಮೊದಲು ವಿಭಾಗದ ಟೈಪಿಸ್ಟ್. ಎಂಟನೇ ಅಧ್ಯಾಯದ ಕೊನೆಯ ಹಾಳೆಯನ್ನು ಯಂತ್ರಕ್ಕೆ ಸಿಕ್ಕಿಸಿ, ಬೆರಳನ್ನು ಗುಂಡಿಗಳ ಮೇಲೆ ಇಟ್ಟು, ತಿರುಗದೆ ಕೇಳಿದ್ದಳು: ‘ಇದನ್ನ ಹೀಗೇ ಇಡ್ಲಾ?’ ಇರಲಿ ಬಿಡು ಎಂದರು. ಗುಂಡಿಗಳು ಮತ್ತೆ ಟಕಟಕ ಎನ್ನತೊಡಗಿದವು. ಆ ಅಧ್ಯಾಯ ಅವರಿಗೆ ಎಲ್ಲವನ್ನೂ ಕೊಟ್ಟಿತು. ನಡುಗಡ್ಡೆಯ ಅಂಬಿಗರಲ್ಲಿ ಸಾವಾದ ಮೇಲೆ ಒಂಬತ್ತು ದಿನ ಯಾರೂ ಮಾತಾಡುವುದಿಲ್ಲ, ಅಳುವುದೂ ಇಲ್ಲ. ಹತ್ತನೇ ದಿನ ಹಿರಿಯನೊಬ್ಬ ‘ಊಟ ಆಯ್ತಾ’ ಎಂದು ಕೇಳುವ ಮೂಲಕ ಮೌನ ಮುರಿಯುತ್ತಾನೆ. ಇದಕ್ಕೆ ಅವರು ಶೋಕಮೌನ ಎಂದು ಹೆಸರಿಟ್ಟರು. ಹೆಸರು ಓಡಿತು. ದೂರದೂರದ ಸಭೆಗಳಿಗೆ ಕರೆ ಬಂತು, ಮೂವತ್ತೈದಕ್ಕೇ ಪ್ರೊಫೆಸರಾದರು. ಒಬ್ಬ ವಿದ್ವಾಂಸನಂತೂ ಶೋಕಮೌನ ಸತ್ತವರಿಗಾಗಿ ಅಲ್ಲ, ಹಿರಿಯರ ಅಧಿಕಾರಕ್ಕಾಗಿ ಎಂದು ಇಪ್ಪತ್ತು ವರ್ಷ ಇವರನ್ನು ವಿರೋಧಿಸಿ, ಆ ವಿರೋಧದಿಂದಲೇ ತಾನೂ ಪ್ರೊಫೆಸರಾಗಿ ನಿವೃತ್ತನಾದ. ಅವನು ತೀರಿಕೊಂಡಾಗ ಮೇಷ್ಟ್ರು ಪತ್ರಿಕೆಗೆ ಒಳ್ಳೆಯ ಲೇಖನ ಬರೆದರು, ಬರೆಯುತ್ತಾ ಅವನ ಬಗ್ಗೆ ನಿಜವಾಗಿಯೂ ಪಾಪ ಅನ್ನಿಸಿತ್ತು.

ಬಟ್ಟೆ ಬದಲಾಯಿಸಲು ಹೋದವರು ಹಾಸಿಗೆ ಎತ್ತಿ ನೋಡಿದರು. ಬೀರುವಿನಲ್ಲಿ, ಹಳೆಯ ಸೂಟ್‌ಕೇಸಿನಲ್ಲಿ, ಸ್ನಾನದ ಮನೆಯ ಮೇಲಿನ ಅಟ್ಟದಲ್ಲಿ ನೋಡಿದರು. ತಮ್ಮ ಮನೆಯಲ್ಲೇ ಕಳ್ಳನ ಹಾಗೆ ಸದ್ದಾಗದಂತೆ ಬಾಗಿಲು ತೆರೆದು ಮುಚ್ಚುವುದು ನಾಚಿಕೆಯೆನಿಸಿತು. ನೀಲಿ ಬಟ್ಟೆಯ ಹೊದಿಕೆ, ಒಂದು ಮೂಲೆಯಲ್ಲಿ ನೀರು ಕುಡಿದು ಉಬ್ಬಿದ ಕಲೆ. ಆ ಕಲೆ ನಡುಗಡ್ಡೆಯ ನೀರಿನದು. ಆಗ ಇಪ್ಪತ್ತೆಂಟು ವಯಸ್ಸು, ಅಂಬಿಗನ ಮನೆಯ ಪಕ್ಕದ ಬಲೆ ಇಡುವ ಕೋಣೆಯಲ್ಲಿ ವಾಸ, ಮೀನಿನ ವಾಸನೆಗೆ ಮೂಗು ಒಗ್ಗಿಹೋಗಿತ್ತು. ಹದಿನೈದು ದಿನಕ್ಕೊಮ್ಮೆ ದೋಣಿಯಲ್ಲಿ ಟಪಾಲು ತರುತ್ತಿದ್ದ ಅಂಚೆಯವನೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ, ಅವನೇ ಮನೆಮನೆಗೂ ಪರಿಚಯ ಮಾಡಿಸಿದ. ನಾಲ್ಕು ದೊಡ್ಡ ಹಾಳೆಗಳನ್ನು ಅಂಟಿಸಿ ಇಡೀ ನಡುಗಡ್ಡೆಯ ಸಂಬಂಧಗಳ ನಕ್ಷೆ ಬರೆಯುತ್ತಿದ್ದರು: ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಜೋಡಿಗೆರೆ, ಸತ್ತವರಾದರೆ ಆ ಗುರುತಿನ ಮೇಲೆ ಒಂದು ಓರೆಗೆರೆ. ಶಾಸ್ತ್ರದಲ್ಲಿ ಎಲ್ಲರೂ ಹಾಗೆಯೇ ಬರೆಯುವುದು. ‘ಹೆಂಗಸರೆಲ್ಲ ಸೊನ್ನೆನಾ ಸರ್?’ ಎಂದು ಅಂಚೆಯವ ನಕ್ಕಿದ್ದ. ಅಂಬಿಗನ ಕಿರಿ ಸೊಸೆ ಮಾತ್ರ ನಗಲಿಲ್ಲ. ಇಪ್ಪತ್ತು ತುಂಬಿತ್ತೋ ಇಲ್ಲವೋ, ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಮಗು, ಓದು ಬರಹ ಇಲ್ಲ. ಆದರೆ ಆ ನಕ್ಷೆಯನ್ನು ಅರ್ಧ ಗಂಟೆಯಲ್ಲಿ ಕಲಿತುಬಿಟ್ಟಳು. ಇದು ಮಾವ, ಇದು ಅತ್ತೆ, ಗೆರೆ ಎಳೆದಿರೋದು ಸತ್ತುಹೋದ ದೊಡ್ಡ ಮಾವ. ಕೊನೆಗೆ ಮಗುವಿನ ತೋರುಬೆರಳು ಹಿಡಿದು ಕೆಳಗಿನ ಸಾಲಿನ ಸಣ್ಣ ವೃತ್ತದ ಮೇಲೆ ಇಟ್ಟು, ‘ಇದು ನೀನು ಕಣೇ’ ಎಂದಳು. ದಿನಾ ಒಂದು ಸಲ ಬಂದು ಮಗುವಿಗೆ ಅದನ್ನು ತೋರಿಸಿ ಹೋಗುತ್ತಿದ್ದಳು. ಮಗುವಿನ ಎಂಜಲು ಬಿದ್ದು ಶಾಯಿ ಕದಡುತ್ತದೆಂದು ಮೇಷ್ಟ್ರಿಗೆ ಒಳಗೊಳಗೇ ಕಿರಿಕಿರಿ.

ಬಾಗಿಲ ಗಂಟೆ ಬಾರಿಸಿತು. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹೆಂಡತಿ ಬಾಗಿಲು ತೆಗೆದು, ‘ಬಾಮ್ಮ, ಬಿಸಿಲಲ್ಲಿ ಬಂದೆಯಾ, ಮೊದಲು ಕೂತ್ಕೋ’ ಎಂದದ್ದು ಕೇಳಿಸಿತು. ಹಾಲಿಗೆ ಬಂದಾಗ ಇಪ್ಪತ್ತೇಳು ಇಪ್ಪತ್ತೆಂಟರ ಹೆಂಗಸೊಬ್ಬಳು ಸೋಫಾದ ತುದಿಯಲ್ಲಿ ಕೂತು, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕಿತ್ತೋ ಒಳಗೋ ಎಂದು ಅನುಮಾನದಿಂದ ನೋಡುತ್ತಿದ್ದಳು. ಮೇಷ್ಟ್ರನ್ನು ಕಂಡು ಎದ್ದು ನಿಂತಳು. ಪತ್ರದಲ್ಲಿ ನಡುಗಡ್ಡೆಯವಳು, ಅಲ್ಲಿನ ಶಾಲೆಯ ಟೀಚರ್ ಎಂದಷ್ಟೇ ಬರೆದಿದ್ದಳು. ಪುಸ್ತಕದ ಅಡಿಟಿಪ್ಪಣಿಯಲ್ಲಿ ‘ನೋಟ್‌ಬುಕ್ ೭’ ಎಂದಿದೆಯಲ್ಲ, ಅದನ್ನು ಒಂದು ಸಲ ನೋಡಬೇಕಿತ್ತು ಎಂದು ಕೊನೆಯಲ್ಲಿ ಒಂದು ಸಾಲು. ಮೇಷ್ಟ್ರು ಅವಳ ಮುಖದಲ್ಲಿ ಯಾವುದೋ ಹೋಲಿಕೆ ಹುಡುಕಿದರು. ಯಾರನ್ನು ಕಂಡರೂ ಇವರು ಯಾರಿಗೆ ಏನಾಗಬೇಕು ಎಂದು ಹುಡುಕುವುದು ಐವತ್ತು ವರ್ಷದ ಚಾಳಿ.

‘ನೀವು ಅಂಬಿಗರ ಮನೇಲಿದ್ರಲ್ಲ ಸರ್. ಅವರ ಮೊಮ್ಮಗಳು ನಾನು. ಕಿರಿ ಸೊಸೆಯ ಕೊನೇ ಮಗಳು.’

‘ಓ,’ ಎಂದರು ಮೇಷ್ಟ್ರು. ‘ಅಮ್ಮ ಚೆನ್ನಾಗಿದ್ದಾರಾ?’

‘ಅಮ್ಮ ಹೋಗಿ ಇಪ್ಪತ್ತನಾಲ್ಕು ದಿನ ಆಯ್ತು.’

ಅವರು ಕೂತರು. ಹೇಳಬೇಕಾದ ಮಾತು ಯಾವುದು ಎಂದು ಹುಡುಕಿದರು. ಹತ್ತಾರು ಜನಾಂಗಗಳಲ್ಲಿ ಇಂಥ ಹೊತ್ತಿನಲ್ಲಿ ಏನು ಹೇಳುತ್ತಾರೆಂದು ಪಾಠ ಮಾಡಿದ್ದವರಿಗೆ ಒಂದೂ ಬಾಯಿಗೆ ಬರಲಿಲ್ಲ. ಟೀಚರು ತಾನೇ ಮಾತು ಮುಂದುವರಿಸಿದಳು, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹಾಗೆ, ಒಂದೇ ದನಿಯಲ್ಲಿ.

‘ಒಂಬತ್ತು ದಿನ ಬಾಯಿ ಬಿಡೋಕೆ ಬಿಡ್ಲಿಲ್ಲ ಸರ್. ಮೊದಲನೇ ದಿನ ನಾನು ಅಳೋಕೆ ಶುರು ಮಾಡಿದ್ದಕ್ಕೆ ಚಿಕ್ಕಪ್ಪ ಬಂದು ಬಾಯಿ ಮೇಲೆ ಕೈ ಇಟ್ರು, ನೀವಿದ್ದಾಗ ತೀರಾ ಚಿಕ್ಕ ಹುಡುಗ ಅವರು. ನಮ್ಮಲ್ಲಿ ಹಾಗೆ ಅಳಲ್ಲ ಅಂದ್ರು. ಮುಂಚೆ ಅಳ್ತಿದ್ರಂತಲ್ಲ, ಅಮ್ಮ ಹೇಳಿದಾಳೆ ಅಂತ ನಾನಂದೆ. ಒಳಗೆ ಹೋಗಿ ನಿಮ್ಮ ಪುಸ್ತಕ ತಂದು ತೋರಿಸಿದ್ರು. ಅದನ್ನ ರೇಷ್ಮೆ ಬಟ್ಟೇಲಿ ಸುತ್ತಿಟ್ಟಿದಾರೆ. ಹತ್ತನೇ ದಿನ ಬಂದು ಎಲ್ಲರ ಮುಂದೆ ಗಟ್ಟಿಯಾಗಿ ಊಟ ಆಯ್ತಾ ಅಂತ ಕೇಳಿದ್ರು. ಅಷ್ಟು ಹೊತ್ತಿಗೆ ನನಗೆ ಅಳು ನಿಂತುಹೋಗಿತ್ತು. ಈಗಲೂ ಬರ್ತಿಲ್ಲ. ಏನೋ ಇಲ್ಲಿ ಕೂತುಬಿಟ್ಟಿದೆ.’ ಕುತ್ತಿಗೆಯ ಕೆಳಗೆ ಕೈಯಿಟ್ಟು ತೋರಿಸಿದಳು. ‘ನಾಲ್ಕನೇ ಕ್ಲಾಸಿಗೆ ನಮ್ಮ ಜನರ ಬಗ್ಗೆ ಒಂದು ಪಾಠ ಇದೆ ಸರ್, ನಾನೇ ಮಾಡ್ತೀನಿ. “ಇವರು ಸತ್ತವರಿಗಾಗಿ ಅಳುವುದಿಲ್ಲ” ಅಂತ ಮಕ್ಕಳ ಹತ್ರ ಬರೆಸ್ತೀನಿ.’

‘ಅಮ್ಮ ಏನಂತಿದ್ರು?’ ಕೇಳಬಾರದೆಂದುಕೊಳ್ಳುತ್ತಲೇ ಮೇಷ್ಟ್ರು ಕೇಳಿದರು.

‘ಅಮ್ಮ ಹೇಳ್ತಾನೇ ಇದ್ಲು. ಅದೆಲ್ಲ ಸುಳ್ಳು, ನಾವು ಆ ಮನುಷ್ಯನ ಹತ್ರ ಮಾತ್ರ ಮಾತು ಬಿಟ್ಟಿದ್ವಿ ಅಂತ. ಪುಸ್ತಕದಲ್ಲಿದೆಯಲ್ಲ, ನಿನಗೇನು ಗೊತ್ತು ಅಂತ ನಮ್ಮವರೇ ಬೈತಿದ್ರು.’

ಆ ಮಾತು ಅವರಿಗೆ ಹೊಸದಲ್ಲ. ಪುಸ್ತಕ ಟೈಪಾಗುತ್ತಿದ್ದ ದಿನಗಳಲ್ಲೇ ಅಂಚೆಯವ ನಗರಕ್ಕೆ ಕನ್ನಡಕ ಮಾಡಿಸಿಕೊಳ್ಳಲು ಬಂದವನು ಇವರ ಬಾಡಿಗೆ ಮನೆಯಲ್ಲಿ ಊಟ ಮಾಡಿ, ಕೈ ತೊಳೆದು, ಹಳೆಯ ತಮಾಷೆಯ ಹಾಗೆ ಹೇಳಿದ್ದ. ಸರ್, ಆವಾಗ ನಿಮ್ಮ ಮೇಲೆ ಅವರಿಗೆ ಎಷ್ಟು ಸಿಟ್ಟಿತ್ತು ಗೊತ್ತಾ, ಒಂಬತ್ತು ದಿನ ಮಾತು ಬಿಟ್ಟಿದ್ರಲ್ಲ. ಆ ಮಗು ಇನ್ನೂ ಉಸಿರಾಡ್ತಿತ್ತು, ನೀವು ಗೆರೆ ಎಳೆದುಬಿಟ್ರಿ. ಮೇಷ್ಟ್ರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ, ಮರುಕ್ಷಣ ಪೂರ್ತಿ ಅರ್ಥವಾಯಿತು. ಮಗುವಿಗೆ ಜ್ವರ ಏರಿತ್ತು. ದೋಣಿಯಲ್ಲಿ ಬಂದ ನರ್ಸು ನೋಡಿ, ಬೆಳಗಿನವರೆಗೆ ಕಷ್ಟ ಎಂದು ಮೇಷ್ಟ್ರ ಹತ್ತಿರ ಮಾತ್ರ ಹೇಳಿ ಹೋಗಿದ್ದಳು. ನಕ್ಷೆ ತಿಂಗಳ ಕೊನೆಯೊಳಗೆ ಕೈಸೇರಬೇಕು, ಆ ದಿನಕ್ಕೆ ಸರಿಯಾಗಿರಬೇಕು ಎಂದು ಸಂಶೋಧನೆಯ ಗೈಡ್ ಕಟುವಾಗಿ ಬರೆದಿದ್ದರು. ಟಪಾಲು ದೋಣಿ ಹೊರಡುವುದು ಬೆಳಗಿನ ಜಾವ, ಮುಂದಿನ ಟಪಾಲು ಹದಿನೈದು ದಿನದ ಮೇಲೆ. ನಾಳೆ ತಪ್ಪಾಗುವ ನಕ್ಷೆಯನ್ನು ಇವತ್ತು ಹೇಗೆ ಕಳಿಸುವುದು? ಮಧ್ಯಾಹ್ನ ಊಟವಾದ ಮೇಲೆ, ರೂಲುಕಡ್ಡಿ ಇಟ್ಟು, ಕೆಳಗಿನ ಸಾಲಿನ ಸಣ್ಣ ವೃತ್ತದ ಮೇಲೆ ಶಾಯಿಯಲ್ಲಿ ಒಂದು ಓರೆಗೆರೆ ಎಳೆದರು. ಗೆರೆ ನೀಟಾಗಿ ಬಂತು ಎಂದು ಅನ್ನಿಸಿದ್ದು ಕೂಡ ನೆನಪಿದೆ. ಹಾಳೆಯನ್ನು ಚಾಪೆಯ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಒಣಗಲಿ ಎಂದು ಬೆರಳಿನ ಶಾಯಿ ತೊಳೆಯಲು ಹೊಳೆಗೆ ಹೋದರು. ವಾಪಸು ಬರುವಾಗ ಕಿರಿ ಸೊಸೆ ಕೋಣೆಯಿಂದ ಹೊರಗೆ ಬರುತ್ತಿದ್ದಳು, ತಂತಿಯ ಮೇಲೆ ಒಣಗಲು ಹಾಕಿದ್ದ ಮಗುವಿನ ಬಟ್ಟೆ ಅವಳ ಕೈಯಲ್ಲಿತ್ತು. ಅವರನ್ನು ನೋಡಿದಳು. ಪಕ್ಕಕ್ಕೆ ಸರಿದು ಮನೆಯೊಳಗೆ ಹೋದಳು. ಒಂದು ಮೂಲೆಯ ಕಲ್ಲು ಸ್ವಲ್ಪ ಜರುಗಿತ್ತು, ಅವರು ಅದನ್ನು ಸರಿಮಾಡಿದರು.

ಮಗು ಬೆಳಗಿನ ಜಾವ ಸತ್ತಿತು, ಅದೇ ಹೊತ್ತಿಗೆ ನಕ್ಷೆ ದೋಣಿಯಲ್ಲಿ ಹೊರಟಿತು. ಆಮೇಲೆ ಒಂಬತ್ತು ದಿನ ಯಾರೂ ಅವರ ಜೊತೆ ಮಾತಾಡಲಿಲ್ಲ. ಎಲ್ಲಿಗೆ ಹೋದರೂ ಅಲ್ಲಿ ಜನ ಸುಮ್ಮನಾಗುತ್ತಿದ್ದರು. ಅಂಬಿಗನ ಹೆಂಡತಿ ಊಟದ ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು ಮುಖ ನೋಡದೆ ಹೋಗುತ್ತಿದ್ದಳು. ಹತ್ತನೇ ದಿನ ಮುದುಕ ಅಂಬಿಗ ಬಂದು ಬಾಗಿಲಲ್ಲಿ ನಿಂತು ‘ಊಟ ಆಯ್ತಾ’ ಎಂದ. ಅವನಿಗೇನೂ ಗೊತ್ತಾಗಲ್ಲ, ಬಿಟ್ಟುಬಿಡಿ ಎಂದು ಮನೆಯವರಿಗೆ ಹೇಳಿ ಬಂದಿದ್ದನಂತೆ. ಇದನ್ನೂ ಅಂಚೆಯವನೇ ಹೇಳಿದ್ದು. ಮೇಷ್ಟ್ರು ಆ ದಿನ ನೋಟ್‌ಬುಕ್ಕಿನಲ್ಲಿ ‘ಮೌನ ಮುರಿಯುವ ವಿಧಿಬದ್ಧ ಪ್ರಶ್ನೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅವರನ್ನು ಈಗಲೂ ಕಾಡುವುದು ಗೆರೆಯಷ್ಟೇ ಅಲ್ಲ. ಆ ಒಂಬತ್ತು ದಿನ ಅವರು ಖುಷಿಯಾಗಿದ್ದರು. ಪಕ್ಕದ ಗೋಡೆಯ ಆಚೆ ಒಂದು ಮಗು ಸತ್ತಿತ್ತು, ಅವರು ಬಲೆಗಳ ನಡುವೆ ಕೂತು, ಯಾರಿಗೂ ಸಿಗದ್ದು ನನಗೆ ಸಿಕ್ಕಿತು ಎಂದು ಪುಟದ ಮೇಲೆ ಪುಟ ಬರೆಯುತ್ತಿದ್ದರು. ಬದುಕಿನಲ್ಲಿ ಅಷ್ಟು ಖುಷಿಯಾಗಿ ಅವರು ಮತ್ತೆ ಯಾವತ್ತೂ ಬರೆಯಲಿಲ್ಲ.

‘ಅದೇ ಸರ್,’ ಟೀಚರು ಹೇಳುತ್ತಿದ್ದಳು, ‘ಆ ನೋಟ್‌ಬುಕ್ಕಲ್ಲಿ ಎಲ್ಲಾದ್ರೂ, ಒಂದು ಸಾಲಾದ್ರೂ, ಅತ್ರು ಅಂತ ಬರೆದಿದೀರಾ? ಅದನ್ನ ಚಿಕ್ಕಪ್ಪಂಗೆ ತೋರಿಸ್ಬೇಕು. ನಾನು ಹೇಳಿದ್ರೆ ನಂಬಲ್ಲ. ನಿಮ್ಮ ಕೈಬರಹ ಆದ್ರೆ ನಂಬ್ತಾರೆ.’

‘ಆ ನೋಟ್‌ಬುಕ್ಕು ಕಳೆದುಹೋಗಿದೆಯಮ್ಮ,’ ಎಂದರು ಮೇಷ್ಟ್ರು. ಪೆಟ್ಟಿಗೆಯ ಮೇಲಿನ ಪಟ್ಟಿಯನ್ನು ತೋರಿಸಿದರು. ಸುಳ್ಳಲ್ಲ, ಬೆಳಗ್ಗೆಯಿಂದ ಅದು ಸುಳ್ಳಲ್ಲ. ಅವಳು ಎದ್ದು ಹೋಗಿ ಬಗ್ಗಿ ಪಟ್ಟಿ ಓದಿದಳು, ಏಳರ ಮುಂದಿನ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು. ಅವಳಮ್ಮನೂ ಹಾಗೆಯೇ ಬೆರಳಿಟ್ಟು ನೋಡುತ್ತಿದ್ದದ್ದು. ‘ಹೌದಾ ಸರ್,’ ಎಂದಳು. ಕೋಪವಿಲ್ಲ, ಅನುಮಾನವೂ ಇಲ್ಲ. ಬಸ್ಸು ಹೋಯಿತು ಎಂದರೆ ಹೌದಾ ಎನ್ನುವ ಹಾಗೆ. ಮೇಷ್ಟ್ರಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

‘ನಿಮ್ಮಮ್ಮನಿಗೆ ನನ್ನ ಮೇಲೆ ತುಂಬಾ ಸಿಟ್ಟಿತ್ತಾ?’

‘ಸಿಟ್ಟು ಅಂತಲ್ಲ ಸರ್. ಗೆರೆ ಎಳೆದಿದ್ದಕ್ಕೇ ಮಗು ಹೋಯ್ತು ಅಂತೆಲ್ಲ ಅವಳು ಯಾವತ್ತೂ ಅಂದ್ಕೊಂಡಿರ್ಲಿಲ್ಲ. ಅಷ್ಟು ದಡ್ಡಿ ಅಲ್ಲ ಅವಳು. ಒಂದೇ ಮಾತು ಹೇಳ್ತಿದ್ಲು.’ ಟೀಚರು ಸ್ವಲ್ಪ ಹಿಂಜರಿದಳು. ‘ಒಂದು ರಾತ್ರಿ ಕಾಯೋಕೆ ಆಗ್ಲಿಲ್ವಾ ಆ ಮನುಷ್ಯಂಗೆ ಅಂತ.’

‘ರೀ,’ ಹೆಂಡತಿ ಅಡುಗೆಮನೆಯಿಂದ ಕರೆದಳು. ‘ಸ್ವಲ್ಪ ಇಲ್ಲಿ ಬನ್ನಿ.’

ಟೀ ಕುದಿಯುತ್ತಿತ್ತು. ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಡ್ರಾಯರು ತೆರೆದಿತ್ತು, ದಾರದ ಉಂಡೆಗಳ ನಡುವೆ ಜಾಗ ಖಾಲಿಯಿತ್ತು. ಹೆಂಡತಿಯ ಕೈಯಲ್ಲಿ ನೀಲಿ ಹೊದಿಕೆಯ ನೋಟ್‌ಬುಕ್ಕು. ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟು.

‘ನೀನು ಯಾಕೆ ತೆಗೆದೆ?’

‘ಮೊನ್ನೆ ಆ ಹುಡುಗಿ ಕಾಗದ ಬಂದಾಗ ತೆಗೆದೆ. ನೀವು ಏನಾದ್ರೂ ಮಾಡ್ಕೊಳ್ತೀರ ಅಂತ ಗೊತ್ತಿತ್ತು.’ ಆಕೆಯ ದನಿ ಏರಲಿಲ್ಲ. ‘ಪ್ರತಿ ಸಲ ಮನೆ ಬದಲಾಯಿಸುವಾಗ ಆ ನಿಘಂಟು ಕಟ್ಟಿದ್ದು ಯಾರು? ನಾನೇ ಅಲ್ವಾ? ಇಷ್ಟು ವರ್ಷ ನನಗೆ ಗೊತ್ತಿಲ್ಲ ಅಂತ ನೀವು ಇದ್ರಿ, ನನಗೆ ಗೊತ್ತಿಲ್ಲ ಅಂತ ನಾನೂ ಇದ್ದೆ.’

‘ಈಗ ಯಾಕೆ? ಇವತ್ತೇ ಯಾಕೆ?’

‘ಅವತ್ತು ಟೈಪ್ ಮಾಡಿದ್ದು ನಾನು ಕಣ್ರೀ. ಇವತ್ತು ಅವಳು ಹೇಳಿದ್ದನ್ನ ಇಲ್ಲಿ ನಿಂತು ಕೇಳಿಸ್ಕೊಂಡೆ. ನನಗೂ ಸಾಕಾಗಿದೆ.’ ಆಕೆ ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟಳು. ‘ತಗೊಳ್ಳಿ, ಬೆಳಗ್ಗೆ ಸ್ಟೂಲ್ ಹತ್ತಿ ಹುಡುಕ್ತಿದ್ದ ನಿಮ್ಮ ಪದಾರ್ಥ. ಒಲೆ ಇಲ್ಲಿದೆ, ಹುಡುಗಿ ಅಲ್ಲಿದ್ದಾಳೆ. ಬೇಗ ಏನೋ ಒಂದು ಮಾಡಿ, ಟೀ ಆರಿಹೋಗುತ್ತೆ.’

ಅದು ನೆನಪಿನಲ್ಲಿದ್ದುದಕ್ಕಿಂತ ಹಗುರವಾಗಿತ್ತು. ಮೇಷ್ಟ್ರು ಒಲೆಯನ್ನು ನೋಡಿದರು, ನಿಜ ಹೇಳಬೇಕೆಂದರೆ ಸ್ವಲ್ಪ ಹೊತ್ತೇ ನೋಡಿದರು. ಸಾಯಂಕಾಲದ ವೇದಿಕೆ, ಪೀಠಿಕೆಯ ವಾಕ್ಯ, ಐದನೇ ಮುದ್ರಣದ ಹೊಳೆಯುವ ಹೊದಿಕೆ. ಹೆಸರು ಹೋದರೆ ಏನು ಉಳಿಯುತ್ತದೆ ಎಂದು ಲೆಕ್ಕ ಹಾಕಿದರು, ಬಿಸಿನೀರಿನ ಶಾಖ ಮಾತ್ರ ನೆನಪಾಯಿತು. ನಗು ಬರುವ ಹಾಗಾಯಿತು. ಹೆಂಡತಿ ಬೆನ್ನು ಹಾಕಿ ಟೀ ಸೋಸುತ್ತಿದ್ದಳು. ಅವಳ ಹಿಂದಲೆ ಪೂರ್ತಿ ಬೆಳ್ಳಗಾಗಿದ್ದನ್ನು ಈಗಷ್ಟೇ ಕಂಡವರ ಹಾಗೆ ನೋಡಿದರು. ಈಕೆ ಕಾದಿದ್ದಾಳೆ, ಎಷ್ಟೋ ರಾತ್ರಿ ಕಾದಿದ್ದಾಳೆ. ಅವರು ತಿರುಗಿ ಹಾಲಿಗೆ ನಡೆದರು. ನಿರ್ಧಾರ ಮಾಡಿದ್ದು ಯಾವಾಗ ಎಂದು ಆಮೇಲೆ ಯಾರಾದರೂ ಕೇಳಿದ್ದರೆ ಹೇಳಲು ಅವರಿಗೆ ಬರುತ್ತಿರಲಿಲ್ಲ.

ಟೀಚರು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ‘ಕೂತ್ಕೊಳಮ್ಮ,’ ಎಂದರು. ‘ಕಳೆದುಹೋಗಿರ್ಲಿಲ್ಲ. ನಾನೇ ಬಚ್ಚಿಟ್ಟಿದ್ದೆ.’

ಅವಳು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ತೆರೆದಳು, ಒಂದೆರಡು ಪುಟ ತಿರುಗಿಸಿದಳು, ಹುಬ್ಬು ಗಂಟಿಕ್ಕಿದಳು. ಅವರ ಅಕ್ಷರ ಇರುವೆ ಸಾಲು. ಹೆಂಡತಿಯೊಬ್ಬಳ ಹೊರತು ಯಾರೂ ಓದಿದವರಿಲ್ಲ. ‘ಗೊತ್ತಾಗ್ತಿಲ್ಲ ಸರ್. ನೀವೇ ಓದಿ ಹೇಳ್ತೀರಾ?’

ಹೆಂಡತಿ ಟೀ ತಂದಿಟ್ಟು ಅಲ್ಲೇ ಕುರ್ಚಿಯಲ್ಲಿ ಕೂತಳು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಪುಟ ಮೂವತ್ತೊಂದು ತೆಗೆದರು. ನಾಲ್ಕು ದಶಕ ತರಗತಿಯನ್ನು ತುಂಬಿದ ಕಂಠ. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು.

‘ಒಂದನೇ ದಿನ. ಅಂಬಿಗನ ಮೊಮ್ಮಗಳು ಬೆಳಗಿನ ಜಾವ ಸತ್ತಿತು. ನಾನು ಅಂಗಳಕ್ಕೆ ಹೋದೆ. ಯಾರೂ ಮಾತಾಡಲಿಲ್ಲ. ವಾಪಸು ಬಂದೆ. ಎರಡನೇ ದಿನ. ಬಾವಿಯ ಹತ್ತಿರ ಏಳು ಹೆಂಗಸರಿದ್ದರು, ನಾನು ಹೋದ ಕೂಡಲೇ ಸುಮ್ಮನಾದರು. ಇದು ಸಾವಿನ ನಂತರದ ಕಟ್ಟುಪಾಡು ಇರಬಹುದು. ಮಧ್ಯಾಹ್ನ ನನ್ನ ಕೋಣೆಯಲ್ಲಿದ್ದಾಗ ಮನೆಯ ಒಳಗಿನಿಂದ ಅಳುವಿನ ಹಾಗೆ ಸದ್ದು ಬಂತು.’ ಅವರು ಓದು ನಿಲ್ಲಿಸಿದರು. ಟೀಚರು ತಲೆಯೆತ್ತಿದಳು. ಮುಂದಿನ ಸಾಲನ್ನು ಬಿಟ್ಟು ಓದಬಹುದಿತ್ತು. ಇರುವೆ ಸಾಲು, ಅವಳಿಗೆ ತಿಳಿಯುತ್ತಿರಲಿಲ್ಲ. ‘ಗಾಳಿ ಇರಬೇಕು,’ ಎಂದು ಓದಿದರು.

‘ಮೂರನೇ ದಿನ. ಮೌನ ಮುಂದುವರಿದಿದೆ. ಹೊಳೆಯ ಕಡೆಯಿಂದ ಹೆಂಗಸೊಬ್ಬಳು ಕೂಗಿ ಅಳುವಂಥ ಸದ್ದು, ಬಹಳ ಹೊತ್ತು. ಗಾಳಿ ಇರಬೇಕು. ನಾಲ್ಕನೇ ದಿನ. ಗೋಡೆಯಾಚೆ ಕಿರಿ ಸೊಸೆ ಹಾಡಿನ ಹಾಗೆ ಏನೋ ಹೇಳಿಕೊಳ್ಳುತ್ತಿದ್ದಾಳೆ ಅನ್ನಿಸಿತು, ನಡುನಡುವೆ ಇನ್ನಷ್ಟು ದನಿಗಳು ಸೇರಿಕೊಂಡವು. ಎದ್ದು ಹೋದೆ. ನಾನು ಬಾಗಿಲಿಗೆ ಬಂದಾಗ ಎಲ್ಲವೂ ನಿಂತಿತ್ತು. ಗಾಳಿ...’

ಟೀಚರು ನೆಟ್ಟಗೆ ಕೂತಿದ್ದಳು. ‘ಏನಂತ ಹೇಳ್ಕೊಳ್ತಿದ್ಲು ಅಂತ ಬರೆದಿದೀರಾ ಸರ್?’

ಅವರು ಪುಟದ ಅಂಚನ್ನು ಬೆಳಕಿಗೆ ಹಿಡಿದರು. ಅಲ್ಲಿ ಪೆನ್ಸಿಲ್ಲಿನಲ್ಲಿ ಬರೆದು, ಆಮೇಲೆ ಹೊಡೆದುಹಾಕಿದ ಸಣ್ಣ ಸಾಲಿತ್ತು. ‘ನಿನ್ನ ಬೆರಳು ಬಿಸಿಯಾಗಿತ್ತಲ್ಲೇ,’ ಎಂದು ಓದಿದರು. ‘ಅದನ್ನೇ ಮತ್ತೆ ಮತ್ತೆ. ನಿನ್ನ ಬೆರಳು ಬಿಸಿಯಾಗಿತ್ತಲ್ಲೇ.’

ಮೊದಲು ಅವಳ ಗಂಟಲಿನಿಂದ ಸಣ್ಣದೊಂದು ಸದ್ದು ಹೊರಟಿತು, ಬಿಕ್ಕಳಿಕೆಯಂಥದ್ದು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ಚಿಕ್ಕಪ್ಪ ಹಿಡಿದ ಹಾಗೆ. ಮೇಷ್ಟ್ರ ಹೆಂಡತಿ ಎದ್ದು ಬಂದು, ಪಕ್ಕದಲ್ಲಿ ಕೂತು, ಆ ಕೈಯನ್ನು ಮೆಲ್ಲಗೆ ಬಾಯಿಂದ ಬಿಡಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅವಳು ಅತ್ತಳು. ದೊಡ್ಡದಾಗಿ, ಎದೆಯಿಂದ, ನಾಚಿಕೆಯಿಲ್ಲದೆ, ಅಮ್ಮನನ್ನು ಕರೆಕರೆದು ಅತ್ತಳು. ಅಕ್ಕಪಕ್ಕದ ಮನೆಯ ಕಿಟಕಿಗಳು ತೆರೆದ ಸದ್ದಾಯಿತು. ಮೇಷ್ಟ್ರಿಗೆ ಆ ದನಿಯ ಏರಿಳಿತ ಗುರುತು ಸಿಕ್ಕಿತು. ಬಲೆ ಕೋಣೆಯ ಗೋಡೆಯಾಚೆಯಿಂದ ಒಂಬತ್ತು ದಿನ ಕೇಳಿದ್ದು ಇದನ್ನೇ. ಅವರ ಬಲಗೈ ತಾನಾಗಿಯೇ ಅಂಗಿಯ ಜೇಬಿನ ಪೆನ್ನಿನ ಕಡೆ ಹೋಗಿತ್ತು. ಅದನ್ನು ನೋಡಿ ಅವರಿಗೆ ತಮ್ಮ ಮೇಲೆ ಅಸಹ್ಯವಾಯಿತು, ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡರು.

ಫೋನು ಬಂತು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಹೆಂಡತಿ ಅವರ ಕಡೆ ನೋಡಿದಳು, ಅವರು ಎತ್ತಿಕೊಂಡರು.

‘ಸರ್, ಮತ್ತೆ ತೊಂದರೆ ಕೊಡ್ತಿದೀನಿ, ಕ್ಷಮಿಸಿ,’ ಪೀಠಿಕೆ ಶುರು ಮಾಡಿದ. ‘ವಿಷಯ ಏನಂದ್ರೆ... ಹಲೋ? ಸರ್? ಏನೋ ಸದ್ದು ಬರ್ತಿದೆ. ಲೈನ್ ಸರಿಯಿಲ್ವಾ? ಕಿಟಕಿ ತೆಗೆದಿದೆಯಾ ಸರ್?’

ಮೇಷ್ಟ್ರು ಎದ್ದು ಕಿಟಕಿ ಮುಚ್ಚಲಿಲ್ಲ. ಫೋನನ್ನು ಇನ್ನೂ ಸ್ವಲ್ಪ ಅಳುತ್ತಿದ್ದವಳ ಕಡೆಗೇ ಹಿಡಿದರು.

‘ಗಾಳಿ ಅಲ್ಲ ಕಣಯ್ಯಾ,’ ಎಂದರು. ‘ಇಲ್ಲೊಬ್ಬಳು ಅಳ್ತಿದಾಳೆ. ನಡುಗಡ್ಡೆಯವಳು. ಅವಳಮ್ಮ ತೀರ್ಕೊಂಡಿದ್ದಾಳೆ.’

‘ಓ... ಅಯ್ಯೋ. ಆದ್ರೆ ಸರ್, ಅವರು ಅಳಲ್ಲವಲ್ಲ?’

‘ಅಳ್ತಾರೆ. ಆ ಒಂಬತ್ತು ದಿನಾನೂ ಅತ್ರು,’ ಎಂದರು ಮೇಷ್ಟ್ರು. ‘ನನಗೆ ಕೇಳಿಸ್ತಿತ್ತು.’